'ಕ್ರೇವ್' ಪದ: ಎಲ್ಲಿಂದ ಬಂತು, ಹೇಗೆ ಬಳಸಬೇಕು

'ಐ ಕ್ರೇವ್ ಫಾರ್ ಕಾಫಿ' ಎಂದು ಬರೆಯುವವರು ನಮ್ಮಲ್ಲಿ ಬಹಳ. 'ಕಾಫಿಗಾಗಿ ಹಂಬಲಿಸು' ಎಂಬಲ್ಲಿನ 'ಗಾಗಿ'ಯೇ 'ಫಾರ್' ಆಗಿ ನುಸುಳುತ್ತದೆ. ನಿಘಂಟುಗಳು ಇದನ್ನು ಪೂರ್ತಿ ತಳ್ಳಿಹಾಕಿಲ್ಲ. ಆದರೂ ಕ್ರಿಯಾಪದದ ಬೆನ್ನಿಗೇ ಬೇಕಾದ ವಸ್ತುವನ್ನು ಇಡುವುದು ಒಳ್ಳೆಯ ರೂಢಿ: 'ಐ ಕ್ರೇವ್ ಕಾಫಿ'. 'ಕ್ರೇವಿಂಗ್' ನಾಮಪದವಾಗಿ ಬಂದಾಗ ಮಾತ್ರ 'ಫಾರ್' ಬೇಕು: 'ಎ ಕ್ರೇವಿಂಗ್ ಫಾರ್ ಕಾಫಿ'.

ಮೂಲ ಗೊತ್ತಿದ್ದರೆ ಈ ನಿಯಮ ನೆನಪಿನಲ್ಲಿ ಉಳಿಯುತ್ತದೆ. ಹಳೆಯ ಇಂಗ್ಲಿಷಿನ 'ಕ್ರಾಫಿಯನ್' ಎಂದರೆ ಹಕ್ಕಿನಿಂದ ಕೇಳು, ತಗಾದೆ ಮಾಡು. ಕೇಳುವಾಗ ವಸ್ತುವನ್ನೇ ಕೇಳುತ್ತೇವೆ, ನಡುವೆ 'ಗಾಗಿ' ಬೇಕಿಲ್ಲ. ಅದರ ನೆಂಟ ಪದವಾದ ಸ್ವೀಡಿಷ್ 'ಕ್ರೇವಾ' ಇಂದಿಗೂ ಒತ್ತಾಯಿಸಿ ಕೇಳುವುದನ್ನೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಅದು ಅಂಗಲಾಚುವುದಾಗಿ, ಸುಮಾರು 1400ರ ಹೊತ್ತಿಗೆ ತೀವ್ರವಾಗಿ ಬಯಸುವುದಾಯಿತು. ನಮ್ಮ 'ಕೋರು' ಕೂಡ ಹೀಗೆಯೇ ಬೇಡಿಕೆ, ಬಯಕೆ ಎರಡನ್ನೂ ಹೊತ್ತಿದೆ.

ಹಳೆಯ ಅರ್ಥ ಕೋರ್ಟಿನಲ್ಲಿ ಇನ್ನೂ ಜೀವಂತ. ಮೇಲ್ಮನವಿಗಳಲ್ಲಿ 'ದಿ ಅಪೆಲೆಂಟ್ ಕ್ರೇವ್ಸ್ ಲೀವ್ ಟು ಆಡ್ ಆರ್ ಅಮೆಂಡ್' ಎಂಬ ಸಾಲು ಕಾಣುತ್ತದೆ. ಇಲ್ಲಿ 'ಲೀವ್' ಎಂದರೆ ರಜೆಯಲ್ಲ, ಅನುಮತಿ. ಅನುವಾದಿಸುವಾಗ 'ಹಂಬಲಿಸುತ್ತಾರೆ' ಎಂದರೆ ಅಪಾರ್ಥವಾಗುತ್ತದೆ. 'ಸೇರಿಸಲು ಅಥವಾ ತಿದ್ದಲು ಮೇಲ್ಮನವಿದಾರರು ಅನುಮತಿ ಕೋರುತ್ತಾರೆ' ಎಂದು ಬರೆಯಿರಿ.

ಉಳಿದ ಕಡೆ ಒಂದೇ ಕನ್ನಡ ಪದವನ್ನು ಎಲ್ಲಕ್ಕೂ ಅಂಟಿಸಬೇಡಿ. ಬಸುರಿಗೆ ಹುಳಿ ಮಾವಿನಕಾಯಿಯೇ ಬೇಕೆನಿಸಿದರೆ ಅದು 'ಬಯಕೆ'. ಅದಕ್ಕಿಂತ ಚೆಂದದ ಪದ ಇಂಗ್ಲಿಷಿನಲ್ಲೂ ಇಲ್ಲ. ಸಿಗರೇಟು ಬಿಟ್ಟವರನ್ನು ಕಾಡುವುದು 'ತುಡಿತ'. ಇದನ್ನು 'ಚಟ' ಎಂದರೆ ತಪ್ಪು: ಚಟ ಇಡೀ ಅಭ್ಯಾಸದ ಹೆಸರು, ಕ್ರೇವಿಂಗ್ ಅದರೊಳಗೆ ಆಗಾಗ ಏಳುವ ಸೆಳೆತ. ಪ್ರೀತಿ, ಮೆಚ್ಚುಗೆಗಳ ವಿಷಯದಲ್ಲಿ 'ಹಾತೊರೆ' ಹೊಂದುತ್ತದೆ.

ಪದದ ಕಾವನ್ನೂ ಗಮನಿಸಿ. ಅಂಗಡಿಯಲ್ಲಿ ಪೆನ್ನು ಬೇಕಿದ್ದರೆ 'ವಾಂಟ್' ಸಾಕು. ಬೇಕಾದದ್ದು ಸಿಗುವವರೆಗೆ ಮನಸ್ಸು ಅತ್ತಲೇ ಎಳೆಯುತ್ತಿದ್ದರೆ 'ಕ್ರೇವ್' ಬಳಸಿ. ಮಾತಿನಲ್ಲಿ 'ಐ ಆ್ಯಮ್ ಕ್ರೇವಿಂಗ್ ಸಮ್‌ಥಿಂಗ್ ಸ್ವೀಟ್' ಸಹಜವಾಗಿ ಕೇಳುತ್ತದೆ. ಆ ಗಳಿಗೆಯ ಆಸೆಗೆ ಈ ರೂಪವೇ ಸರಿ.

'ಕ್ರೇವನ್' ಎಂಬ ಪದ ಕಂಡಾಗ ಇದರ ಜೊತೆ ಗಂಟು ಹಾಕಬೇಡಿ. ಅದರ ಅರ್ಥ ಹೇಡಿ.