ಲಸಿಕೆ ಚುಚ್ಚಿದ ಭುಜ ಏಳುತ್ತಿಲ್ಲವೇ? ಅಮೆರಿಕದಲ್ಲಿ ಪರಿಹಾರ ಕೇಳುವುದು ಹೀಗೆ

ಫ್ಲೂ ಲಸಿಕೆ ಹಾಕಿಸಿಕೊಂಡ ತೋಳು ಒಂದೆರಡು ದಿನ ನೋಯುವುದು ಮಾಮೂಲು. ವಾರಗಳಾದರೂ ತಲೆ ಬಾಚಲು ಕೈ ಏಳದೆ, ಆ ಮಗ್ಗುಲಿಗೆ ಮಲಗಲಾಗದೆ ಒದ್ದಾಡುತ್ತಿದ್ದರೆ ಅದು ‘ಸಿರ್ವಾ’ (SIRVA), ಅಂದರೆ ಲಸಿಕೆ ಚುಚ್ಚುವಾಗ ಭುಜಕ್ಕಾದ ಗಾಯ ಇರಬಹುದು. ಭುಜದ ಮೂಳೆಯ ತುದಿಯಿಂದ ಎರಡು-ಮೂರು ಬೆರಳು ಕೆಳಗೆ ಇಳಿಯಬೇಕಾದ ಸೂಜಿ ಮೇಲೆಯೇ ಇಳಿದರೆ ಮದ್ದು ಕೀಲಿನ ಬಳಿಯ ದ್ರವಚೀಲ ಸೇರಿ ಉರಿಯೂತ ಎಬ್ಬಿಸುತ್ತದೆ. ಅಂಗಿಯ ತೋಳು ಮಡಚುವ ಬದಲು ಕಾಲರ್ ಎಳೆದು ಭುಜ ತೋರಿಸುವವರಿಗೆ ಈ ಅಪಾಯ ಹೆಚ್ಚು.

1988ರಿಂದ ನಡೆಯುತ್ತಿರುವ ಅಮೆರಿಕದ ಲಸಿಕೆ ಪರಿಹಾರ ಯೋಜನೆಯಲ್ಲಿ, ಲಸಿಕೆಯಿಂದಲೇ ಆಗಿದ್ದೆಂದು ಭಾವಿಸುವ ತೊಂದರೆಗಳ ಪಟ್ಟಿಗೆ ಸಿರ್ವಾ ಸೇರಿದ್ದು 2017ರ ಮಾರ್ಚ್‌ನಲ್ಲಿ. ಚುಚ್ಚಿದವರ ತಪ್ಪು ಸಾಬೀತು ಮಾಡಬೇಕಿಲ್ಲ. ಪೌರತ್ವವೂ ಬೇಡ, ಲಸಿಕೆಯನ್ನು ಅಲ್ಲೇ ಹಾಕಿಸಿಕೊಂಡಿದ್ದರೆ ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರೂ ಅರ್ಜಿ ಹಾಕಬಹುದು.

ಪಟ್ಟಿಯ ಲಾಭ ಸಿಗಲು ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಚುಚ್ಚಿದ ಭುಜದಲ್ಲೇ ಇರಬೇಕು, ಆ ಭುಜಕ್ಕೆ ಹಳೆಯ ತೊಂದರೆ ಇರಬಾರದು. ಕತ್ತಿನ ನರ ಒತ್ತಿಕೊಂಡಂಥ ಬೇರೆ ಕಾರಣ ಸಿಕ್ಕರೆ ಕೇಸು ಸಡಿಲ. ಸಾಮಾನ್ಯವಾಗಿ ತೊಂದರೆ ಆರು ತಿಂಗಳಿಗೂ ಮೀರಿ ಉಳಿದಿರಬೇಕು.

ಕೇಸು ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಮೊದಲ ವೈದ್ಯರ ಚೀಟಿಯಲ್ಲಿ. ಎಣ್ಣೆ ತಿಕ್ಕಿಕೊಂಡು ನಾಲ್ಕು ತಿಂಗಳು ಕಾದು, ಆಮೇಲೆ ‘ಸ್ವಲ್ಪ ದಿನದಿಂದ ನೋವು’ ಎಂದರೆ ವೈದ್ಯರು ಅದನ್ನೇ ಬರೆದಿಡುತ್ತಾರೆ, ಸರ್ಕಾರಿ ವಕೀಲರು ಅದನ್ನೇ ಹಿಡಿಯುತ್ತಾರೆ. ‘ಅಕ್ಟೋಬರ್ 3ಕ್ಕೆ ಎಡತೋಳಿಗೆ ಚುಚ್ಚಿಸಿಕೊಂಡೆ, ಅಂದು ರಾತ್ರಿಯೇ ನೋವು ಶುರು’ ಎಂದು ತಾರೀಖು ಸಮೇತ ಹೇಳಿ, ಬರೆಸಿ.

ಲಸಿಕೆಯ ದಾಖಲೆಯನ್ನು ಫಾರ್ಮಸಿಯಿಂದ ತರಿಸಿಕೊಂಡ ತಕ್ಷಣ ಯಾವ ತೋಳು ಎಂದಿದೆ ನೋಡಿ. ಬಲಕ್ಕೆ ಚುಚ್ಚಿ ‘ಎಡ’ ಎಂದು ಗುರುತು ಹಾಕುವುದು ಅಪರೂಪವೇನಲ್ಲ. ಜೊತೆಗೆ ಲಸಿಕೆಗೆ ಮುಂಚಿನ ಮೂರು ವರ್ಷದ ವೈದ್ಯಕೀಯ ದಾಖಲೆ, ಎಂಆರ್‌ಐ, ಫಿಸಿಯೋಥೆರಪಿ ಟಿಪ್ಪಣಿ, ನಿಮ್ಮ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಹೇಳಿಕೆ) ಬೇಕು.

ಅರ್ಜಿ ಹೋಗುವುದು ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ನ್ಯಾಯಾಲಯಕ್ಕೆ, ಶುಲ್ಕ 405 ಡಾಲರ್. ಎದುರುವಾದಿ ಆರೋಗ್ಯ ಸಚಿವರು, ಫಾರ್ಮಸಿಯಲ್ಲ. ಮೊದಲ ಲಕ್ಷಣದ ದಿನದಿಂದ ಮೂರು ವರ್ಷದ ಗಡುವು. ಕಾರಣ ತಡವಾಗಿ ತಿಳಿಯಿತು ಎಂಬ ಸಬೂಬು ನಡೆಯದು.

ನೋವಿಗೆ ಗರಿಷ್ಠ 2,50,000 ಡಾಲರ್. ಚಿಕಿತ್ಸೆಯ ಖರ್ಚು, ಹೋದ ಸಂಬಳ ಬೇರೆ. ವಕೀಲರ ಫೀಸು ಯೋಜನೆಯ ನಿಧಿಯಿಂದಲೇ ಬರುತ್ತದೆ, ಅರ್ಜಿಗೆ ತಕ್ಕ ಆಧಾರವಿದ್ದರೆ ಸೋತರೂ ಬರಬಹುದು. ನಿಮ್ಮ ಹಣದಲ್ಲಿ ಪಾಲು ಕೇಳುವ ವಕೀಲರಿಗೆ ಅಲ್ಲೇ ಕೈಮುಗಿಯಿರಿ.

ಸರ್ಪಸುತ್ತಿನ ಲಸಿಕೆ ಈ ಯೋಜನೆಯಲ್ಲಿಲ್ಲ. ಕೋವಿಡ್ ಲಸಿಕೆಗೆ ಬೇರೆಯೇ ಯೋಜನೆ: ಗಡುವು ಚುಚ್ಚಿಸಿಕೊಂಡ ದಿನದಿಂದ ಒಂದೇ ವರ್ಷ, ನೋವಿಗೆಂದು ದುಡ್ಡಿಲ್ಲ, ವಕೀಲರ ಖರ್ಚೂ ನಿಮ್ಮದೇ.