ಶೇಂಗಾ ಬೀಜದಷ್ಟು ಮಾಂಸದಲ್ಲಿ ಕೊಬ್ಬಿನ ಮೂಲ ಹುಡುಕಿದ್ದು

ಏಳನೇ ನಂಬರಿನ ಹೋರಿಯ ಫಲಿತಾಂಶ ಪರದೆಯ ಮೇಲೆ ಬಂದಾಗ ರಾತ್ರಿ ಹನ್ನೊಂದು ಗಂಟೆ. ಎಫ್‌ಎಬಿಪಿ4 ಎಂಬ ಜೀನಿನ ಗೆರೆ ಉಳಿದೆಲ್ಲ ಹೋರಿಗಳಿಗಿಂತ ಐದು ಸೈಕಲ್ ಮೊದಲೇ ಮೇಲೆದ್ದಿತ್ತು. ಪಿಸಿಆರ್ ಯಂತ್ರ ಪ್ರತಿ ಸೈಕಲ್ಲಿಗೆ ಜೀನಿನ ಪ್ರತಿಗಳನ್ನು ದುಪ್ಪಟ್ಟು ಮಾಡುತ್ತದೆ; ಗೆರೆ ಒಂದು ಸೈಕಲ್ ಮೊದಲೇ ಎದ್ದರೆ ಮಾದರಿಯಲ್ಲಿ ಇದ್ದದ್ದೇ ದುಪ್ಪಟ್ಟು, ಐದು ಅಂದರೆ ಹೆಚ್ಚುಕಡಿಮೆ 32 ಪಟ್ಟು. ಎಫ್‌ಎಬಿಪಿ4 ಕೊಬ್ಬಿನ ಕೋಶಗಳ ಗುರುತಿನ ಜೀನು. ಸ್ನಾಯುವಿನೊಳಗೆ ಇಷ್ಟು ಬೇಗ ಕೊಬ್ಬು ಕಟ್ಟುವ ಪ್ರಾಣಿಯೊಂದು ಸಿಕ್ಕಿಬಿಟ್ಟಿತು ಅಂದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಗೊತ್ತಾಯಿತು, ತಪ್ಪು ನನ್ನ ಸೂಜಿಯದು.

ನಾನು ಬೀದರ್‌ನಲ್ಲಿ ಪಶುವೈದ್ಯಕೀಯ ಓದಿದವನು. ಈಗ ಅಮೆರಿಕದ ಫ್ಲೋರಿಡಾದಲ್ಲಿ ಮಾಂಸದ ದನಗಳ ಸ್ನಾಯುವಿನೊಳಗೆ ಕೊಬ್ಬು ಹೇಗೆ ಹುಟ್ಟುತ್ತದೆ, ಆಗ ಯಾವ ಜೀನುಗಳು ಎಚ್ಚರಾಗುತ್ತವೆ ಎಂದು ಹುಡುಕುವುದು ನನ್ನ ಕೆಲಸ. ಚರ್ಮದಡಿಯ ಕೊಬ್ಬು ಬೇರೆ, ಇದು ಬೇರೆ. ಕೆಂಪು ಮಾಂಸದ ಎಳೆಗಳ ನಡುವೆ ಬಿಳಿ ಗೆರೆಗಳಾಗಿ ಹರಡುವ ಈ ಕೊಬ್ಬಿಗೆ ಮಾರ್ಬ್ಲಿಂಗ್ ಅನ್ನುತ್ತಾರೆ. ಇಲ್ಲಿ 12 ಮತ್ತು 13ನೇ ಪಕ್ಕೆಲುಬಿನ ನಡುವೆ ಬೆನ್ನಿನ ಸ್ನಾಯುವನ್ನು ಅಡ್ಡಕ್ಕೆ ಕೊಯ್ದು, ಆ ಗೆರೆಗಳನ್ನು ನೋಡಿ ಮೇಲಿನಿಂದ ಕೆಳಕ್ಕೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ದರ್ಜೆ ಕೊಡುತ್ತಾರೆ. ದನ ಸಾಕಿದವನ ಕೈಗೆ ಎಷ್ಟು ದುಡ್ಡು ಬರಬೇಕು ಎನ್ನುವುದು ಬಹಳಮಟ್ಟಿಗೆ ಅಲ್ಲಿ ತೀರ್ಮಾನವಾಗುತ್ತದೆ.

ಆಂಗಸ್ ತಳಿಯಲ್ಲಿ ಈ ಗೆರೆಗಳು ಚೆನ್ನಾಗಿ ಬರುತ್ತವೆ, ಬ್ರಾಹ್ಮನ್ ತಳಿಯಲ್ಲಿ ಕಡಿಮೆ. ಆದರೆ ಫ್ಲೋರಿಡಾದ ಬಿಸಿಲಿಗೆ, ಸೆಕೆಗೆ, ಉಣ್ಣೆ ಹುಳುಗಳಿಗೆ ಬ್ರಾಹ್ಮನ್ ಬಗ್ಗುವುದಿಲ್ಲ. ಹಾಗಾಗಿ ಎರಡನ್ನೂ ಕೂಡಿಸಿ ಮಿಶ್ರತಳಿ ಮಾಡುತ್ತಾರೆ. ಬ್ರಾಹ್ಮನ್ ನಮಗೆ ಹೊರಗಿನದಲ್ಲ. 1854ರಿಂದ 1926ರವರೆಗೆ ಅಮೆರಿಕಕ್ಕೆ ಬಂದ ಮುನ್ನೂರಕ್ಕೂ ಕಡಿಮೆ ಭಾರತೀಯ ದನಗಳಿಂದ ಬೆಳೆದ ತಳಿ ಅದು. ಕಾಂಕ್ರೇಜ್, ಓಂಗೋಲ್, ಗಿರ್ ಜೊತೆ ನಮ್ಮ ಕೃಷ್ಣಾ ವ್ಯಾಲಿಯ ರಕ್ತವೂ ಅದರಲ್ಲಿದೆ. ಜಮಖಂಡಿ ಕಡೆಯ ನಮ್ಮ ಎರೆ ಹೊಲದಲ್ಲಿ ಅಪ್ಪ ಹೂಡುತ್ತಿದ್ದದ್ದು ಅದೇ ತಳಿಯ ಎತ್ತು. ಇಲ್ಲಿ ಮೊದಲ ದಿನ ಬ್ರಾಹ್ಮನ್ ಹೋರಿಯ ಹೆಗಲ ಮೇಲಿನ ಇಣಿ ಮತ್ತು ಜೋಲುವ ಗಂಗೆದೊಗಲು ನೋಡಿ ಸುಮ್ಮನೆ ನಿಂತುಬಿಟ್ಟಿದ್ದೆ.

ಕೆಲಸ ಶುರುವಾದ ಹೊಸತರಲ್ಲಿ ಅಪ್ಪ ಫೋನಿನಲ್ಲಿ ಕೇಳಿದರು: "ಜೀವಂತ ದನದ ಮೈಯಾಗಿಂದ ಮಾಂಸ ತಗೀತೀನಿ ಅಂತಿಯಲ್ಲೋ ತಮ್ಮಾ, ಅದಕ್ಕ ನೋವಾಗಂಗಿಲ್ಲೇನು?"

"ಜೋಮು ಹಿಡಿಯೋ ಸೂಜಿ ಹಾಕೇ ತಗೀತೀವ್ರೀ ಅಪ್ಪಾ. ಬರೇ ಶೇಂಗಾ ಬೀಜದಷ್ಟು."

"ಸಂಜೀಮುಂದ ಮೇವು ತಿಂತೈತೇನು?"

"ತಿಂತೈತ್ರಿ."

"ಹಂಗಾರ ಆತು."

ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಹೋರಿಯ ಮುಂದೆ ಒಂದು ಕಾಲಂ ಇದೆ: ಸಂಜೆ ಮೇವು ತಿಂದಿತೇ, ಇಲ್ಲವೇ.

ಕೆಲಸ ಹೀಗೆ. ಹೋರಿಯನ್ನು ಚೂಟ್‌ಗೆ ಹೊಗಿಸುತ್ತೇವೆ. ನಮ್ಮ ಪಶು ಆಸ್ಪತ್ರೆಯ ಟ್ರೆವಿಸ್ ಇದ್ದಂತೆ, ಎರಡೂ ಮಗ್ಗುಲಿಂದ ಮೆಲ್ಲಗೆ ಒತ್ತಿ ಹಿಡಿಯುತ್ತದೆ. ಬೆನ್ನಿನ ಕೂದಲು ಬೋಳಿಸಿ, ಅಯೋಡಿನ್ ಮತ್ತು ಸ್ಪಿರಿಟ್ ಒರೆಸಿ, ಲಿಡೊಕೇನ್ ಕೊಟ್ಟು, ಜೋಮು ಹಿಡಿಯುವವರೆಗೆ ಕಾಯಬೇಕು. ಇಲ್ಲಿ ಅವಸರ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆಮೇಲೆ ಒಂದು ಸೆಂಟಿಮೀಟರ್ ಸೀಳಿ, ಬರ್ಗ್‌ಸ್ಟ್ರೋಮ್ ಸೂಜಿಯನ್ನು ಸ್ನಾಯುವಿಗೆ ಇಳಿಸಿ, ಸಿರಿಂಜಿನಿಂದ ಎಳೆದುಕೊಂಡು ಒಳಗಿನ ಅಲಗಿನಿಂದ ಕತ್ತರಿಸುತ್ತೇವೆ. ಹೊರಬರುವ ತುಂಡು ಕಡುಗೆಂಪು, ಮೆತ್ತಗೆ, ಇನ್ನೂ ಬೆಚ್ಚಗಿರುತ್ತದೆ. ರಕ್ತ ಒರೆಸಿ, ಚಿಮಟದಲ್ಲಿ ಹಿಡಿದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಹಾಕಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚುರ್ ಅನ್ನುತ್ತದೆ. ತುಂಡು ಹೊರಬಂದ ಮೇಲಿನ ಇಷ್ಟೂ ಕೆಲಸ ಒಂದು ನಿಮಿಷದೊಳಗೆ ಮುಗಿಯಬೇಕು, ಯಾಕೆಂದರೆ ಜೀನು ಎಷ್ಟು ಚುರುಕಾಗಿದೆ ಎಂದು ಹೇಳುವ ಆರ್‌ಎನ್‌ಎ ಬಲು ಬೇಗ ಹಾಳಾಗುತ್ತದೆ. ನಮ್ಮ ಕೈಬೆವರಿನಲ್ಲೇ ಅದನ್ನು ತುಂಡರಿಸುವ ಕಿಣ್ವ ಇದೆ.

ಈ ಪಾಠ ಕಲಿಯಲು ನನಗೆ ಒಂದು ಇಡೀ ಬ್ಯಾಚ್ ಬೇಕಾಯಿತು. ಮೊದಲ ವರ್ಷ ಕಸಾಯಿಖಾನೆಯಿಂದ ಹೆಬ್ಬೆರಳ ಗಾತ್ರದ ತುಂಡುಗಳನ್ನು ತಂದು, ಆರ್‌ಎನ್‌ಎ ಕಾಪಾಡುವ ದ್ರಾವಣದಲ್ಲಿ ಹಾಗೇ ಮುಳುಗಿಸಿಟ್ಟೆ. ಅರ್ಧ ಸೆಂಟಿಮೀಟರಿಗಿಂತ ದಪ್ಪ ತುಂಡಿನ ನಡುಭಾಗಕ್ಕೆ ಆ ದ್ರಾವಣ ಬೇಗ ಇಳಿಯುವುದಿಲ್ಲ. ಹೊರಗೆ ಉಪ್ಪಿನಕಾಯಿಯ ಹಾಗೆ ಗಟ್ಟಿ, ಒಳಗೆ ಕೊಳೆತಿತ್ತು. ಆರ್‌ಎನ್‌ಎ ಚೆನ್ನಾಗಿದ್ದರೆ ಪರೀಕ್ಷೆಯಲ್ಲಿ 28ಎಸ್, 18ಎಸ್ ಎಂಬ ಎರಡು ಚೂಪಾದ ಶಿಖರ ಕಾಣಬೇಕಾದ ಕಡೆ ತಗ್ಗಿನಲ್ಲಿ ಹರಡಿದ ದಿಬ್ಬ ಮಾತ್ರ ಇತ್ತು. ಎಲ್ಲ ಎಸೆದೆ. ಆ ಪ್ರಾಣಿಗಳಿಂದ ಮತ್ತೆ ಮಾದರಿ ಪಡೆಯುವ ದಾರಿಯೇ ಇರಲಿಲ್ಲ, ಅದು ಇವತ್ತಿಗೂ ಕಾಡುತ್ತದೆ.

ಈಗ ಏಳನೇ ನಂಬರಿಗೆ ಬರೋಣ. ಖುಷಿ ಎಷ್ಟೇ ಇದ್ದರೂ ಒಳಗೊಳಗೆ ಅನುಮಾನವಿತ್ತು. ಅದೇ ತುಂಡಿನ ಉಳಿದರ್ಧ ಮೈನಸ್ 80ರ ಫ್ರೀಜರಿನಲ್ಲಿತ್ತು. ಅದನ್ನು ತೆಳುವಾಗಿ ಹೆರೆದು, ಆಯಿಲ್ ರೆಡ್ ಓ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಈ ಬಣ್ಣ ಕೊಬ್ಬಿದ್ದಲ್ಲಿ ಮಾತ್ರ ಕುಂಕುಮದ ಹಾಗೆ ಹತ್ತುತ್ತದೆ. ಸ್ನಾಯುವಿನ ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇರಬಹುದು ಅಂದುಕೊಂಡಿದ್ದೆ. ಕಂಡದ್ದು ತುಂಡಿನ ಒಂದು ಅಂಚಿನುದ್ದಕ್ಕೂ ಸೀರೆಯ ಬಾರ್ಡರಿನಂತೆ ಹಾದುಹೋದ ದಟ್ಟ ಕೆಂಪು ಪಟ್ಟಿ. ಸೂಜಿ ಸಾಕಷ್ಟು ಆಳಕ್ಕೆ ಇಳಿಯದೆ ಬೆನ್ನಿನ ಚರ್ಮದಡಿಯ ಕೊಬ್ಬನ್ನೂ ಕಚ್ಚಿಕೊಂಡು ಬಂದಿತ್ತು. ಒಳಗಿನ ಸ್ನಾಯು ಎಲ್ಲರದಿದ್ದಂತೆಯೇ ಇತ್ತು.

ಈ ವಿಷಯದಲ್ಲಿ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವ ಮಾತು ಇದೇ. ಸ್ನಾಯುವಿನ ತುಂಡು ಒಂದೇ ಬಗೆಯ ಕೋಶಗಳ ಗಂಟಲ್ಲ. ಅದರಲ್ಲಿ ಸ್ನಾಯುತಂತು, ರಕ್ತನಾಳ, ನಾರು, ಕೊಬ್ಬಿನ ಕೋಶ ಎಲ್ಲ ಇವೆ. ಜೊತೆಗೆ ನಾರಾಗಲೂ ಕೊಬ್ಬಾಗಲೂ ಬಲ್ಲ ಮೂಲಕೋಶಗಳೂ ಇವೆ. ಇಂಥವು ಸ್ನಾಯುವಿನಲ್ಲಿವೆ ಎಂದು ಇಲಿಗಳಲ್ಲಿ ತೋರಿಸಿದ್ದು 2010ರಲ್ಲಿ. ಎಲ್ಲವನ್ನೂ ಅರೆದು ಒಂದೇ ಟ್ಯೂಬಿಗೆ ಹಾಕಿ 'ಈ ಜೀನು ಏರಿದೆ' ಅಂದರೆ ಏನರ್ಥ? ಪ್ರತಿ ಕೋಶದಲ್ಲೂ ಜೀನು ಹೆಚ್ಚು ದುಡಿಯುತ್ತಿದೆಯೋ, ಅಥವಾ ಅಂಥ ಕೋಶಗಳ ಸಂಖ್ಯೆಯೇ ಹೆಚ್ಚೋ? ಸಂತೆಯ ಗದ್ದಲ ಜೋರಾಯಿತು ಅಂದರೆ ಜನ ಗಂಟಲು ಏರಿಸಿದರೋ, ಇನ್ನಷ್ಟು ಜನ ಬಂದರೋ ಎಂದು ದೂರದಿಂದ ಹೇಳಲಾಗುವುದಿಲ್ಲವಲ್ಲ, ಹಾಗೆ.

ಆಮೇಲೆ ನನ್ನ ಪದ್ಧತಿ ಬದಲಾಯಿತು. ಮೊದಲು ಅಲ್ಟ್ರಾಸೌಂಡ್‌ನಲ್ಲಿ ಬೆನ್ನಿನ ಕೊಬ್ಬಿನ ದಪ್ಪ ಅಳೆಯುತ್ತೇನೆ, ಅದಕ್ಕೆ ತಕ್ಕಂತೆ ಸೂಜಿಯ ಮೇಲೆ ಟೇಪಿನ ಗುರುತು ಹಾಕುತ್ತೇನೆ. ತುಂಡನ್ನು ಎರಡು ಪಾಲು ಮಾಡಿ, ಒಂದು ಆರ್‌ಎನ್‌ಎಗೆ, ಇನ್ನೊಂದು ಬಣ್ಣ ಹಾಕಿ ಕಣ್ಣಾರೆ ನೋಡಲು. ಕೊಬ್ಬಿನ ಪಾಲು ಎಷ್ಟು ಶೇಕಡಾ ಎಂದು ಅಳೆದಿಡದೆ ಜೀನಿನ ಲೆಕ್ಕಕ್ಕೆ ಕೈ ಹಾಕುವುದಿಲ್ಲ.

ಹೋಲಿಕೆಗೆ ಇಟ್ಟುಕೊಳ್ಳುವ ಜೀನನ್ನೂ ಬದಲಾಯಿಸಿದೆ. ರೂಢಿಯಲ್ಲಿ ಎಲ್ಲರೂ ಜಿಎಪಿಡಿಎಚ್ ಬಳಸುತ್ತಾರೆ. ಆದರೆ ಅದು ಸಕ್ಕರೆ ಒಡೆಯುವ ಕಿಣ್ವದ ಜೀನು. ಸ್ನಾಯುವಿನಲ್ಲಿ ತಂತುವಿನ ಬಗೆ ಬದಲಾದರೆ ಅದೂ ಬದಲಾಗುತ್ತದೆ. ಅಳತೆಗೋಲೇ ಹಿಗ್ಗಿ ಕುಗ್ಗಿದರೆ ಅಳೆಯುವುದೇನು? ಈಗ ಆರ್‌ಪಿಎಸ್15ಎ, ಯುಎಕ್ಸ್‌ಟಿ ಸೇರಿದಂತೆ ಬೇರೆ ಮೂರು ಜೀನುಗಳ ಸರಾಸರಿ ಹಿಡಿಯುತ್ತೇನೆ.

ಇನ್ನೊಂದು ತೊಡಕು ನಮ್ಮ ಇಣಿಯ ದನಗಳಿಗೆ ಸಂಬಂಧಿಸಿದ್ದು. ದನದ ಜೀನೋಮ್, ಅಂದರೆ ಡಿಎನ್‌ಎ ಅಕ್ಷರಗಳ ಇಡೀ ಪಟ್ಟಿ, 2009ರಲ್ಲಿ ಪ್ರಕಟವಾದದ್ದು ಡಾಮಿನೆಟ್ ಎಂಬ ಹೆರೆಫರ್ಡ್ ಹಸುವಿನದು. ಪಿಸಿಆರ್‌ನಲ್ಲಿ ಬೇಕಾದ ಜೀನಿಗೆ ಅಂಟಿ ಅದನ್ನು ಹಿಡಿದುಕೊಡುವ ಪ್ರೈಮರ್ ಎಂಬ ಡಿಎನ್‌ಎ ಚೂರುಗಳನ್ನು ಅದನ್ನೇ ನೋಡಿ ಮಾಡುತ್ತಿದ್ದೆವು. ಪ್ರೈಮರ್ ಕೂರುವ ಜಾಗದಲ್ಲಿ ಬ್ರಾಹ್ಮನ್‌ನ ಒಂದೇ ಒಂದು ಅಕ್ಷರ ಬೇರೆಯಿದ್ದರೂ ಅದು ಸರಿಯಾಗಿ ಅಂಟದೆ, ಜೀನು ಮಂಕಾಗಿದೆ ಎಂಬ ಸುಳ್ಳು ಫಲಿತಾಂಶ ಬರಬಹುದು. 2020ರಲ್ಲಿ ಆಂಗಸ್ ಮತ್ತು ಬ್ರಾಹ್ಮನ್ ಎರಡರ ಜೀನೋಮ್‌ಗಳೂ ಬಿಡಿಬಿಡಿಯಾಗಿ ಹೊರಬಂದವು. ಒಂದೊಂದು ಪ್ರೈಮರನ್ನೂ ಎರಡರ ಜೊತೆ ಇಟ್ಟು ನೋಡಿ, ನನ್ನಲ್ಲಿದ್ದ ಎರಡು ಜೊತೆಗಳನ್ನು ಕೈಬಿಟ್ಟೆ.

ಹೀಗೆಲ್ಲ ತಿದ್ದಿಕೊಂಡ ಮೇಲೆ ಬೀಜ ಒಡೆದ ಹನ್ನೆರಡು ಹೋರಿಗಳಿಂದ ಎರಡು ಸಲ ಮಾದರಿ ತೆಗೆದೆ: ಹಾಲು ಬಿಡಿಸಿದ ಏಳನೇ ತಿಂಗಳಲ್ಲಿ ಒಮ್ಮೆ, ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವ ಕೊನೆಯ ಹಂತದಲ್ಲಿ ಒಮ್ಮೆ. ಏಳನೇ ತಿಂಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಸ್ನಾಯುವಿನೊಳಗೆ ಹೊಸ ಕೊಬ್ಬಿನ ಕೋಶಗಳು ಹುಟ್ಟುವುದು ಬಹುಪಾಲು ಕರುವಿಗೆ ಸುಮಾರು 250 ದಿನ ತುಂಬುವುದರೊಳಗೆ; ಆಮೇಲೆ ನಡೆಯುವುದು ಮುಖ್ಯವಾಗಿ ಇದ್ದ ಕೋಶಗಳನ್ನು ತುಂಬಿಸುವ ಕೆಲಸ.

ಕೊನೆಯ ಹಂತದ ಮಾದರಿಗಳಲ್ಲಿ ಆಂಗಸ್ ರಕ್ತ ಹೆಚ್ಚಿದ್ದವುಗಳ ಎಫ್‌ಎಬಿಪಿ4 ಬಹಳ ಮೇಲಿತ್ತು. ಕೊಬ್ಬಿನ ಪಾಲನ್ನು ಲೆಕ್ಕಕ್ಕೆ ತಂದ ಕೂಡಲೇ ಆ ಅಂತರ ಬಹುತೇಕ ಕರಗಿತು. ಅಂದರೆ ಅಲ್ಲಿ ಕೋಶಗಳು ಹೆಚ್ಚಿದ್ದವು, ಅಷ್ಟೇ. ಸ್ಟಿಯರಿಕ್ ಆಮ್ಲವನ್ನು ಓಲಿಕ್ ಆಗಿಸುವ ಎಸ್‌ಸಿಡಿ ಜೀನಿನ ಕಥೆಯೂ ಅದೇ. ಏಳನೇ ತಿಂಗಳ ಮಾದರಿಗಳು ಮಾತ್ರ ಬೇರೆ ಹೇಳಿದವು. ಅವುಗಳಲ್ಲಿ ಕುಂಕುಮದ ಚುಕ್ಕಿ ಇಲ್ಲವೆಂಬಷ್ಟು ವಿರಳ, ಆದರೂ ಮೂಲಕೋಶವನ್ನು ಕೊಬ್ಬಿನ ದಾರಿಗೆ ತಿರುಗಿಸುವ ಪಿಪಿಎಆರ್‌ಜಿ ಆಂಗಸ್ ಕಡೆ ಸ್ಪಷ್ಟವಾಗಿ ಮೇಲಿತ್ತು. ಕಣ್ಣಿಗೆ ಕೊಬ್ಬು ಕಾಣುವ ಮೊದಲೇ ದಾರಿ ಬೇರೆಯಾಗಿರುವಂತಿದೆ. ಹನ್ನೆರಡು ಪ್ರಾಣಿಗಳಿಂದ ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಏಳನೇ ನಂಬರನ್ನು ಕಡಿದ ದಿನ ನಾನೂ ಹೋಗಿದ್ದೆ. 12ನೇ ಪಕ್ಕೆಲುಬಿನ ಬಳಿ ಕೊಯ್ದು ತೆರೆದರೆ ಕೆಂಪು ಮಾಂಸದಲ್ಲಿ ಗೆರೆಗಳು ತೀರಾ ತೆಳುವಾಗಿದ್ದವು, ದರ್ಜೆ ಸೆಲೆಕ್ಟ್. ಮುಂದಿನ ಬ್ಯಾಚಿನ ಕರುಗಳು ಈಗ ತಾಯಿಯ ಜೊತೆ ಹುಲ್ಲುಗಾವಲಿನಲ್ಲಿವೆ. ಈ ಸಲ ಮೊದಲ ಮಾದರಿಯನ್ನು ನಾಲ್ಕನೇ ತಿಂಗಳಿಗೇ ತೆಗೆಯುತ್ತೇನೆ.