ಹೆಡ್‌ಸೆಟ್ ಸರಿಯಾಗೇ ಇತ್ತು, ಕೂಗುತ್ತಿದ್ದದ್ದು ಪ್ಯಾನೆಲ್

ಪೈಲಟ್ ಹೆಡ್‌ಸೆಟ್ ರಿಪೇರಿಗೆ ಇಳಿಯುತ್ತೇನೆ ಅಂದಾಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನ ಗೆಳೆಯರು ಯಾರೂ ಒಪ್ಪಲಿಲ್ಲ. "ಹೊಸೂರಲ್ಲಿ ಕೂತ್ಕೊಂಡು ಅದಕ್ಕೆ ಗಿರಾಕಿ ಎಲ್ಲಿಂದ ತರ್ತೀಯ, ಸುಮ್ನೆ ಟಿವಿ, ಆಂಪ್ಲಿಫೈಯರ್ ನೋಡ್ಕೊಂಡು ಇರು" ಅಂದರು. ಈಗ ಅವರ ಹತ್ತಿರ ಬಂದ ಪೀಸುಗಳೂ ಬಸ್ಸಲ್ಲಿ ನನ್ನ ಅಂಗಡಿಗೇ ಬರುತ್ತವೆ.

ಎಲ್ಲ ತಿರುಗಿದ್ದು ಎರಡು ಸೀಟಿನ ಒಂದು ಪುಟ್ಟ ವಿಮಾನದಿಂದ, ಮೈಕ್ರೋಲೈಟ್ ಅನ್ನುತ್ತಾರಲ್ಲ, ಅದರಿಂದ. ಎಂಜಿನ್ ಶುರುವಾದರೆ ಕಿವಿಯಲ್ಲಿ ಕುಂಯ್ ಅನ್ನುವ ಸದ್ದು, ಆರ್‌ಪಿಎಂ ಏರಿದ ಹಾಗೆ ಸ್ವರವೂ ಏರುತ್ತಿತ್ತು. ಮಾಲೀಕರು ಅಷ್ಟರಲ್ಲಿ ಎರಡು ಹೆಡ್‌ಸೆಟ್ ಬದಲಾಯಿಸಿ ಹತ್ತಿರ ಹತ್ತಿರ ಅರವತ್ತು ಸಾವಿರ ಸುರಿದಿದ್ದರು. ಯಾರೋ ಪವರ್ ಲೈನಿಗೆ ಚೋಕ್ ಫಿಲ್ಟರ್ (ಕರೆಂಟಿನ ಜೊತೆ ಬರುವ ಸದ್ದು ತಡೆಯುವ ಸುರುಳಿ) ಹಾಕಿಕೊಟ್ಟು ನಾಲ್ಕೈದು ಸಾವಿರ ತೆಗೆದುಕೊಂಡಿದ್ದರು. ಸದ್ದು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಇನ್ನೊಬ್ಬರು, ಎರಡೂ ಸೀಟಿನವರು ಮಾತಾಡಿಕೊಳ್ಳುವ ಇಂಟರ್‌ಕಾಮನ್ನೇ ಬದಲಾಯಿಸಿ ಅಂದಿದ್ದರಂತೆ.

ನಾನು ಮೊದಲು ಹೆಡ್‌ಸೆಟ್ಟನ್ನು ವಿಮಾನದಿಂದ ಬೇರೆ ಮಾಡಿ ನೋಡುತ್ತೇನೆ. ಅದಕ್ಕೆ ಒಂದು ಡಬ್ಬಿ ಮಾಡಿಕೊಂಡಿದ್ದೇನೆ. ಒಂಬತ್ತು ವೋಲ್ಟ್ ಬ್ಯಾಟರಿ, ಮೈಕಿಗೆ ಬಯಾಸ್ (ಅದು ಕೆಲಸ ಮಾಡಲು ಬೇಕಾದ ಸಣ್ಣ ಕರೆಂಟ್) ಕೊಡಲು 470 ಓಮ್ ರೆಸಿಸ್ಟರ್, ಮಾತಿನ ಸಿಗ್ನಲ್ ಮಾತ್ರ ದಾಟಿಸುವ ಒಂದು ಕಪಲಿಂಗ್ ಕೆಪಾಸಿಟರ್, ಎಲ್‌ಎಂ386 ಅನ್ನುವ ಸಣ್ಣ ಆಂಪ್ಲಿಫೈಯರ್ ಚಿಪ್, ಎರಡು ಸಾಕೆಟ್. ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೆ ಆಯಿತು. ಅದರಲ್ಲಿ ಜಾಸ್ತಿ ದುಡ್ಡು ಹೋದದ್ದು ಮೈಕಿನ ಸಾಕೆಟ್ಟಿಗೆ, ಯಾಕೆಂದರೆ ಆ ಪ್ಲಗ್ ನಮ್ಮ ಮಾಮೂಲಿ ಕಾಲಿಂಚಿನದಲ್ಲ, ಇನ್ನೂ ಸಣ್ಣದು. ದೊಡ್ಡ ಸಾಕೆಟ್ಟಿಗೆ ತೂರಿಸಿದರೆ ಲೊಡಲೊಡ ಅನ್ನುತ್ತದೆ. ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಈ ಡಬ್ಬಿಯಲ್ಲಿ ಇಲ್ಲವಲ್ಲ, ಬರೀ ಬ್ಯಾಟರಿ, ಹಾಗಾಗಿ ಡಬ್ಬಿಯಲ್ಲಿ ಮಾತು ಸ್ವಚ್ಛ ಬಂದರೆ ಕುಂಯ್ ಸದ್ದಿಗೆ ಹೆಡ್‌ಸೆಟ್ ಕಾರಣವಲ್ಲ. ಆ ಮಾಲೀಕರ ಹಳೆಯದೂ ಸೇರಿ ಮೂರೂ ಹೆಡ್‌ಸೆಟ್ ಸ್ವಚ್ಛವಾಗಿದ್ದವು.

ವಿಮಾನದ ಪ್ಯಾನೆಲ್‌ಗೆ ನಾನು ಕೈ ಹಾಕುವುದಿಲ್ಲ. ಅವರ ಎ.ಎಂ.ಇ. (ವಿಮಾನ ನಿರ್ವಹಣೆಯ ಎಂಜಿನಿಯರ್) ಬಂದರು, ನಾನು ಪಕ್ಕದಲ್ಲಿದ್ದೆ. ಪ್ಯಾನೆಲ್ಲಿನಲ್ಲಿ ಮೈಕ್ ಪ್ಲಗ್ ಚುಚ್ಚುವ ಜಾಕಿನ ನಟ್ ಬಿಚ್ಚಿ, ಜಾಕನ್ನು ತೂತಿನಿಂದ ಹಿಂದಕ್ಕೆ ಎಳೆದು, ದಪ್ಪ ಕಾಗದ ಸುತ್ತಿ, ಎಂಜಿನ್ ಹಾಕಿಸಿದೆವು. ಸದ್ದು ನಿಂತುಹೋಯಿತು! ಕಾಗದ ತೆಗೆದು ಜಾಕನ್ನು ಪ್ಯಾನೆಲ್ಲಿನ ಅಲ್ಯೂಮಿನಿಯಂಗೆ ತಾಗಿಸಿದರೆ ಮತ್ತೆ ಕುಂಯ್. ಆ ಎ.ಎಂ.ಇ. ಮೊದಲು ನನ್ನ ಮಾತು ನಂಬಿರಲಿಲ್ಲ. ತಾವೇ ಮೂರು ಸಲ ತಾಗಿಸಿ ತೆಗೆದು ನೋಡಿದರು.

ಜಾಕ್ ಲೋಹಕ್ಕೆ ತಾಗದ ಹಾಗೆ ತೂತಿನ ಅಂಚಲ್ಲಿ ಇರಬೇಕಿದ್ದ ಫೈಬರ್ ವಾಷರ್ ಸೀಳಿತ್ತು. ಅರ್ಧ ಉದುರಿ ಹೋಗಿತ್ತು, ಉಳಿದರ್ಧ ಕಪ್ಪಗಾಗಿ ನಟ್ಟಿಗೆ ಅಂಟಿಕೊಂಡಿತ್ತು. ಜಾಕಿನ ಥ್ರೆಡ್ ನೇರವಾಗಿ ವಿಮಾನದ ಲೋಹಕ್ಕೆ ತಾಗಿ, ಚಾರ್ಜಿಂಗ್ ಕರೆಂಟ್ ಓಡಾಡುವ ಅದೇ ಲೋಹ ಮೈಕಿನ ಗ್ರೌಂಡ್ ಆಗಿತ್ತು. ಮೈಕಿನ ಸಿಗ್ನಲ್ ಒಂದು ವೋಲ್ಟ್ ಕೂಡ ಇರಲ್ಲ, ಅದರ ಜೊತೆ ಇದು ಬೆರೆತರೆ ಇನ್ನೇನಾಗುತ್ತದೆ. ಪವರ್ ಲೈನಿಗೆ ಎಷ್ಟು ಫಿಲ್ಟರ್ ಹಾಕಿದರೂ ಗ್ರೌಂಡಿನಿಂದ ಬರುವುದು ನಿಲ್ಲುವುದಿಲ್ಲ. ತೂತಿನೊಳಗೆ ಕೂರುವ ಕುತ್ತಿಗೆ ಇರುವ ಹೊಸ ವಾಷರ್ ಹಾಕಿ, ಗ್ರೌಂಡನ್ನು ಇಂಟರ್‌ಕಾಮ್ ಹತ್ತಿರ ಒಂದೇ ಕಡೆ ಕೊಟ್ಟರು. ಲಾಗ್‌ಬುಕ್ಕಲ್ಲಿ ಎ.ಎಂ.ಇ. ಬರೆದು ಸಹಿ ಹಾಕಿದರು. ವಾಷರ್‌ಗಳಿಗೆ ನೂರು ರೂಪಾಯಿ ಕೂಡ ಆಗಿರಲಿಕ್ಕಿಲ್ಲ. ನಾನು ತೆಗೆದುಕೊಂಡದ್ದು ಎರಡು ಸಾವಿರ, ಮಾಲೀಕರು ಮೂರು ಕೊಟ್ಟರು.

ಅಲ್ಲಿಂದ ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಕಡೆಯ ಪೈಲಟ್ ಟ್ರೈನಿಂಗ್ ಹುಡುಗರ ಹೆಡ್‌ಸೆಟ್ ಬರತೊಡಗಿದವು. ಹೆಚ್ಚಿನವು ಪ್ಲಗ್ಗಿನ ಬುಡದಲ್ಲೇ ವೈರ್ ತುಂಡಾದವು. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ, ಕೇಬಲ್ಲನ್ನು ಬೆರಳಲ್ಲಿ ಹೊರಳಿಸುತ್ತಾ ಬನ್ನಿ, ಬೀಪ್ ತಪ್ಪುವ ಜಾಗ ಸಿಗುತ್ತದೆ. ಬೆವರಿನ ಉಪ್ಪಿನಿಂದ ಮೈಕ್ ಹಿಡಿದಿರುವ ತೋಳು, ಅಂದರೆ ಬೂಮಿನ ಒಳಗೆ ಹಸಿರು ಹಿಡಿದದ್ದೂ ಬಹಳ.

ನಡುವೆ ಒಂದು ಪ್ರಯೋಗ ಮಾಡಿದೆ. ಅಸಲಿ ಮೈಕ್ ದುಬಾರಿ ಅಂತ ಹತ್ತು ರೂಪಾಯಿಯ ಎಲೆಕ್ಟ್ರೆಟ್ ಕ್ಯಾಪ್ಸೂಲ್ ಹಾಕಿ ನೋಡಿದೆ. ಟೇಬಲ್ ಮೇಲೆ ಚೆನ್ನಾಗಿ ಕೇಳಿಸಿತು. ಎಂಜಿನ್ ಪಕ್ಕ ಇಟ್ಟರೆ ಮಾತೇ ಮುಳುಗಿಹೋಯಿತು. ಅಸಲಿ ಮೈಕಿಗೆ ಎರಡೂ ಕಡೆ ಕಿಂಡಿ ಇರುತ್ತದೆ. ಎಂಜಿನ್ ಸದ್ದು ಎರಡೂ ಕಡೆಯಿಂದ ಹೊಕ್ಕು ಒಂದನ್ನೊಂದು ಕಳೆಯುತ್ತದೆ, ಮಾತು ಒಂದೇ ಕಡೆಯಿಂದ ಜೋರಾಗಿ ಹೊಗುತ್ತದೆ. ರಿಪೇರಿ ಮಾಡುವಾಗ ಹಿಂದಿನ ಕಿಂಡಿಗೆ ಅಂಟು ಸುರಿದವರ ಪೀಸುಗಳು ನನ್ನ ಕೈಗೆ ಬಂದಿವೆ, ದಯವಿಟ್ಟು ಹಾಗೆ ಮಾಡಬೇಡಿ. ಮೈಕ್ ತಿರುಗಿಕೊಂಡಿದ್ದರೂ ಅದೇ ಗತಿ. ತುಟಿಗೆ ಹೆಚ್ಚುಕಮ್ಮಿ ತಾಗುವ ಹಾಗೇ ಇರಬೇಕು.

ಕಿವಿಯ ಮೆತ್ತೆಯನ್ನು ಇಲ್ಲೇ ಟೈಲರ್ ಹತ್ತಿರ ರೆಕ್ಸಿನಲ್ಲಿ ಹೊಲಿಸಿದೆ. ನೋಡಲು ಚೆನ್ನಾಗಿತ್ತು, ಆದರೆ ಹೊಲಿಗೆಯ ಸಂದಿಯಿಂದ ಸದ್ದು ನುಗ್ಗುತ್ತಿತ್ತು. ಆ ದುಡ್ಡು ಹೋಯಿತು. ದುಬಾರಿ ಆದರೂ ಜೆಲ್ ಮೆತ್ತೆಯೇ ತರಿಸಿ.

ಪಿ.ಟಿ.ಟಿ. (ರೇಡಿಯೋದಲ್ಲಿ ಮಾತಾಡಲು ಒತ್ತುವ ಗುಂಡಿ) ಒತ್ತಿದ ಕೂಡಲೇ ಕೀರಲು ಬಂದರೆ ಅದು ಬೇರೆ ಕಥೆ, ರೇಡಿಯೋ ಅಲೆ ಮೈಕಿಗೆ ನುಗ್ಗುತ್ತಿದೆ ಅಂತ. ಸಣ್ಣ ಕೆಪಾಸಿಟರ್ ಒಂದರಿಂದ ನಿಲ್ಲಿಸುತ್ತೇನೆ. ಎಷ್ಟರದು, ಎಲ್ಲಿ ಅನ್ನುವುದು ನನ್ನ ಹತ್ತಿರವೇ ಇರಲಿ, ಅದರಿಂದಲೇ ಅಂಗಡಿ ಬಾಡಿಗೆ ಹುಟ್ಟುತ್ತಿದೆ.

ಎ.ಎನ್.ಆರ್. (ಹೊರಗಿನ ಸದ್ದನ್ನು ಎಲೆಕ್ಟ್ರಾನಿಕ್ಸ್‌ನಿಂದ ತಗ್ಗಿಸುವ) ಹೆಡ್‌ಸೆಟ್ಟಿನ ಬೋರ್ಡ್ ಸುಟ್ಟು ಬಂದದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ, ಬಿಡಿಭಾಗ ಸಿಗಲ್ಲ. ಆದರೆ ಕಳಿಸುವ ಮುಂಚೆ ಬ್ಯಾಟರಿ ಡಬ್ಬಿ ತೆರೆದು ಸ್ಪ್ರಿಂಗ್ ನೋಡಿ. ಸೆಲ್ ಸೋರಿ ತುಕ್ಕು ಹಿಡಿದಿದ್ದರೆ ಉಜ್ಜಿದರೆ ಸಾಕು, ಕೊರಿಯರ್ ದುಡ್ಡು ಉಳಿಯುತ್ತದೆ.